ಒಂದೇ ಮನೆಯಲ್ಲಿಟ್ಟ ಎರಡು ಪ್ರತಿಗಳು

ಕಳೆದುಹೋದದ್ದು ಮರಳಿ ದೊರೆಯಬೇಕಾದರೆ ಅದರ ಇನ್ನೊಂದು ಪ್ರತಿ ಎಲ್ಲಿಯಾದರೂ ಉಳಿದಿರಬೇಕು. ಕೇಳುವುದಕ್ಕೆ ಈ ಮಾತು ಬಹು ಸರಳ. ಆದರೆ ಆ ಪ್ರತಿ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಮನುಷ್ಯನು ಸಾಮಾನ್ಯವಾಗಿ ಕಷ್ಟ ಬಂದ ಮೇಲೆಯೇ ಕೇಳಿಕೊಳ್ಳುತ್ತಾನೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯ ನಿವೃತ್ತ ಶಿಕ್ಷಕರೊಬ್ಬರಿಗೆ ಈ ಪ್ರಶ್ನೆ ಎದುರಾದದ್ದು ಒಂದು ಹಳೆಯ ಲ್ಯಾಪ್‌ಟಾಪಿನ ಮೂಲಕ.

ಮಾಸ್ತರರ ಊರು ಭೀಮಾ ತೀರದ ಒಂದು ಸಣ್ಣ ಹಳ್ಳಿ. ಆ ಭಾಗವೆಲ್ಲ ಮೊದಲು ಶಹಾಪುರ ತಾಲ್ಲೂಕಿಗೆ ಸೇರಿದ್ದು, ವಡಗೇರಾ ತಾನೇ ತಾಲ್ಲೂಕು ಕೇಂದ್ರವಾದ ಮೇಲೆ ಅದಕ್ಕೆ ಸೇರಿತು. ಅವರ ತಾಯಿ ಓದು ಬರಹ ಬಾರದವರು. ಆದರೆ ಬೀಸುವ ಪದ, ಸೋಬಾನೆ ಪದ, ತತ್ವಪದ, ಅಲಾಯಿ ಹಬ್ಬದ ಪದ ಹೀಗೆ ಅವರ ನಾಲಿಗೆಯ ಮೇಲಿದ್ದ ಹಾಡುಗಳಿಗೆ ಲೆಕ್ಕವಿರಲಿಲ್ಲ. ಮಾಸ್ತರರು ಶಾಲೆಯ ರಜೆಯ ದಿನಗಳಲ್ಲಿ ತಾಯಿಯ ಮುಂದೆ ಕುಳಿತು ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಮೂರು ನೋಟುಬುಕ್ಕುಗಳಲ್ಲಿ ಬರೆದುಕೊಂಡಿದ್ದರು. 2012ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಮಾಸ್ತರರು ನಿವೃತ್ತರಾದರು. ನಿವೃತ್ತಿಯ ಹಣದಲ್ಲಿ 2014ರಲ್ಲಿ ಒಂದು ಲ್ಯಾಪ್‌ಟಾಪ್ ಕೊಂಡು, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಕಲಿತು, ದಿನಕ್ಕೊಂದು ಎರಡು ಪದಗಳಂತೆ ನೋಟುಬುಕ್ಕಿನ ಬರಹವನ್ನು ಅದರೊಳಗೆ ಇಳಿಸತೊಡಗಿದರು. ತಾಯಿಯ ಋಣವನ್ನು ತೀರಿಸುವ ಬಗೆ ಅದೊಂದೇ ಎಂದು ಅವರು ನಂಬಿದ್ದರು. ನಾಲ್ಕು ವರ್ಷಗಳಲ್ಲಿ ಆ ಕೆಲಸ ಮುಗಿಯಿತು.

2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂತು. ಮೇಲಿನ ಸೀಮೆಯಲ್ಲಿ ಸುರಿದ ಅತಿವೃಷ್ಟಿಯಿಂದ ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿ, ಸೊನ್ನ ಬ್ಯಾರೇಜನ್ನು ದಾಟಿ ಹರಿದು ಬಂದ ನೀರು ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ತೀರದ ಹಳ್ಳಿಗಳನ್ನು ಹೊಕ್ಕಿತು. ಮಾಸ್ತರರ ಮನೆಯವರು ಮೊದಲು ಮಕ್ಕಳು ಮುದುಕರನ್ನು, ಬಳಿಕ ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದರು. ಕೊನೆಯ ಗಳಿಗೆಯಲ್ಲಿ ಕೈಗೆ ಸಿಕ್ಕ ಲ್ಯಾಪ್‌ಟಾಪಿನ ಚೀಲ ಉಳಿಯಿತು. ಟ್ರಂಕಿನಲ್ಲಿದ್ದ ನೋಟುಬುಕ್ಕುಗಳು ಉಳಿಯಲಿಲ್ಲ. ನೀರು ಇಳಿದ ಮೇಲೆ ಟ್ರಂಕು ತೆರೆದಾಗ ಕಂಡದ್ದು ಕೆಸರು ಮತ್ತು ಶಾಯಿ ಕಲೆತ ಮುದ್ದೆ. ಆದರೂ ಮಾಸ್ತರರು ಕಂಗೆಡಲಿಲ್ಲ. ಪದಗಳೆಲ್ಲ ಲ್ಯಾಪ್‌ಟಾಪಿನಲ್ಲಿವೆ, ಅಷ್ಟೇ ಅಲ್ಲ, ಅದರೊಳಗೂ ಎರಡು ಕಡೆ ಇವೆ. ಸಿ ಡ್ರೈವಿನಲ್ಲಿ ಒಂದು ಪ್ರತಿ, ಡಿ ಡ್ರೈವಿನಲ್ಲಿ ಇನ್ನೊಂದು ಪ್ರತಿ. ಒಂದು ಹೋದರೆ ಇನ್ನೊಂದು ಇದೆಯಲ್ಲ ಎಂಬುದು ಅವರ ಧೈರ್ಯವಾಗಿತ್ತು.

ಆ ಧೈರ್ಯ ಹುಸಿ ಎಂಬುದು ತಿಳಿದದ್ದು 2022ರ ಮಾರ್ಚ್ ತಿಂಗಳಲ್ಲಿ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದ್ದುದರಿಂದ ಅದು ಗೋಡೆಯ ವಿದ್ಯುತ್ತಿನಿಂದಲೇ ನಡೆಯುತ್ತಿತ್ತು. ಕರೆಂಟು ಹೋದಾಗಲೆಲ್ಲ ಥಟ್ಟನೆ ಆರಿಹೋಗುತ್ತಿತ್ತು. ಒಂದು ರಾತ್ರಿ ಹಾಗೆ ಆರಿದ್ದು ಮರುದಿನ ಏಳಲಿಲ್ಲ. ನೀಲಿ ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಮೂಡುತ್ತಿತ್ತು, ಮತ್ತೆ ಕಪ್ಪಾಗುತ್ತಿತ್ತು. ಮಾಸ್ತರರು ಅದನ್ನು ಚೀಲದಲ್ಲಿಟ್ಟುಕೊಂಡು ವಡಗೇರಾದಲ್ಲಿ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಟ್ಟುಕೊಂಡಿದ್ದ ಆನ್‌ಲೈನ್ ಅಂಗಡಿಗೆ ಹೋದರು. ಪಹಣಿ, ಬೆಳೆ ವಿಮೆ, ವಿದ್ಯಾರ್ಥಿವೇತನದ ಅರ್ಜಿ ಎಂದು ದಿನವಿಡೀ ಜನ ನೆರೆಯುವ ಅಂಗಡಿ ಅದು.

“ಚಿಂತಿ ಮಾಡಬ್ಯಾಡ್ರೀ ಸರ. ಇದರಾಗ ಕಂಪನಿಯವರೇ ರಿಕವರಿ ಇಟ್ಟಿರ್ತಾರ. ಒಂದು ಬಟನ್ ಒತ್ತಿದ್ರ ಹೊಸಾದರಂಗ ಆಗ್ತದ” ಎಂದು ಅವನು ಭರವಸೆ ಕೊಟ್ಟನು.

ಅವನು ಹೇಳಿದ್ದು ಸುಳ್ಳಲ್ಲ. ಒಂದು ಕಾಲದಲ್ಲಿ ಕಂಪ್ಯೂಟರಿನ ಜೊತೆಗೆ ಸಿ.ಡಿ. ಕೊಡುತ್ತಿದ್ದರು. ಯಂತ್ರ ಕೆಟ್ಟರೆ ಅದನ್ನು ಹಾಕಿ ಮರುಸ್ಥಾಪಿಸಿಕೊಳ್ಳಬಹುದಾಗಿತ್ತು. ಆಮೇಲೆ ಕಂಪನಿಗಳು ಸಿ.ಡಿ. ಕೊಡುವುದನ್ನು ನಿಲ್ಲಿಸಿ, ಹಾರ್ಡ್ ಡಿಸ್ಕಿನದೇ ಒಂದು ಭಾಗವನ್ನು ಬೇರ್ಪಡಿಸಿ, ಕಾರ್ಖಾನೆಯಿಂದ ಹೊರಟಾಗ ಯಂತ್ರ ಹೇಗಿತ್ತೋ ಹಾಗೆ ಮಾಡುವ ಸಾಮಗ್ರಿಯನ್ನು ಅಲ್ಲಿಯೇ ಇಡತೊಡಗಿದವು. ಇದನ್ನೇ ರಿಕವರಿ ಪಾರ್ಟಿಷನ್ ಎನ್ನುತ್ತಾರೆ. ಯಂತ್ರ ಹೊತ್ತಿಕೊಳ್ಳುವಾಗ ಕೆಲವು ಕಂಪನಿಗಳಲ್ಲಿ ಎಫ್11, ಕೆಲವದರಲ್ಲಿ ಎಫ್9, ಇನ್ನು ಕೆಲವದರಲ್ಲಿ ಅಂಚಿನ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನವರಿಗೆ ಎಷ್ಟು ತೆಗೆದರೂ ಬರಿದಾಗದ ತವನಿಧಿ ದೊರೆತ ಕಥೆಯನ್ನು ಆ ಭಾಗದಲ್ಲಿ ಕೇಳದವರಿಲ್ಲ. ಲ್ಯಾಪ್‌ಟಾಪ್ ಕೊಂಡವರು ಈ ರಿಕವರಿಯನ್ನು ಅಂಥದೊಂದು ತವನಿಧಿ ಎಂದೇ ಭಾವಿಸುತ್ತಾರೆ.

ಆದರೆ ಇದು ತವನಿಧಿಯಲ್ಲ. ಅದು ಇರುವುದು ಅದೇ ಡಿಸ್ಕಿನ ಮೇಲೆ. ಡಿಸ್ಕು ಸವೆದು ಅಲ್ಲಲ್ಲಿ ಓದಲಾಗದ ಸ್ಥಾನಗಳು, ಅಂದರೆ ಬ್ಯಾಡ್ ಸೆಕ್ಟರುಗಳು ಉಂಟಾದಾಗ ಅವು ರಿಕವರಿಯ ಭಾಗವನ್ನು ಬಿಟ್ಟು ಉಂಟಾಗಬೇಕೆಂಬ ನಿಯಮವಿಲ್ಲ. ಜಾಗ ಸಾಲದೆಂದು ಕೆಲವರು ತಾವೇ ಅದನ್ನು ಅಳಿಸಿರುತ್ತಾರೆ. ವಿಂಡೋಸಿನ ಹೊಸ ಆವೃತ್ತಿಗೆ ಏರಿದ ಮೇಲೆ ಹಳೆಯ ರಿಕವರಿಗೂ ಯಂತ್ರಕ್ಕೂ ಇದ್ದ ಕೊಂಡಿ ಕಳಚಿಹೋಗುವುದೂ ಉಂಟು. ಡಿಸ್ಕನ್ನೇ ಬದಲಿಸಿದರಂತೂ ಅದರೊಡನೆ ರಿಕವರಿಯೂ ಹೊರಟುಹೋಗುತ್ತದೆ. ಮಾಸ್ತರರ ಲ್ಯಾಪ್‌ಟಾಪು ವಿಂಡೋಸ್ 8.1ರೊಡನೆ ಬಂದದ್ದು. 2016ರಲ್ಲಿ, ಉಚಿತ ಅವಕಾಶ ಮುಗಿಯುವ ಮುನ್ನ, ಯಾರೋ ಅದನ್ನು ವಿಂಡೋಸ್ 10ಕ್ಕೆ ಏರಿಸಿಕೊಟ್ಟಿದ್ದರು. ಡಿಸ್ಕಿಗೂ ಎಂಟು ವರ್ಷ ವಯಸ್ಸಾಗಿತ್ತು.

ಅಂಗಡಿಯ ಹುಡುಗ ಗುಂಡಿ ಒತ್ತಿದನು. ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಆಯ್ಕೆ ಬಂತು. ಎಲ್ಲವೂ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ ಬಂತು. ಹೊರಗೆ ಅರ್ಜಿಯ ಜನ ಕಾಯುತ್ತಿದ್ದರು. ಹುಡುಗ ಅವಸರದಲ್ಲಿ ಒಪ್ಪಿಗೆ ಒತ್ತಿಬಿಟ್ಟನು. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ರಿಕವರಿಯ ಕಡತವನ್ನು ಓದಲಾಗುತ್ತಿಲ್ಲ ಎಂಬ ಸಂದೇಶ ಬಂದು ಎಲ್ಲವೂ ನಿಂತಿತು. ಎರಡನೆಯ ಸಲ ಒತ್ತಿದರೂ ಅದೇ. ಮಾಸ್ತರರ ಮುಖ ಬಾಡಿತು. ಕೊನೆಯ ಬಾಗಿಲೂ ಮುಚ್ಚಿತೆಂದು ಅವರು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ತಂಗಿಯ ಮಗಳಿಗೆ ಫೋನು ಮಾಡಿದರು.

ಆಕೆ ಎಲ್ಲವನ್ನೂ ಕೇಳಿ ಒಂದು ಕ್ಷಣ ಸುಮ್ಮನಿದ್ದಳು. ಬಳಿಕ, “ಮಾಮಾ, ಅದು ಫೇಲ್ ಆಗಿದ್ದೇ ಛಲೋ ಆತು. ಪೂರಾ ಆಗಿದ್ರ ಆಯೀದು ಒಂದು ಪದಾನೂ ಉಳೀತಿದ್ದಿಲ್ಲ” ಎಂದಳು. “ಈಗ ಬಂದ್ ಮಾಡಿಸ್ರಿ. ಯುಗಾದಿಗೆ ನಾ ಬರ್ತೀನಿ. ಅಲ್ಲೀತನಕ ಯಾರಿಗೂ ಮುಟ್ಟಗೊಡಬ್ಯಾಡ್ರಿ.”

ಮಾಸ್ತರರಿಗೆ ಆ ಮಾತಿನ ಅರ್ಥ ಮೆಲ್ಲಗೆ ಇಳಿಯಿತು. ರಿಕವರಿ ಎಂಬುದು ಯಂತ್ರವನ್ನು ಮರಳಿಸುತ್ತದೆಯೇ ಹೊರತು ಯಂತ್ರದಲ್ಲಿ ಮನುಷ್ಯನು ಇಟ್ಟದ್ದನ್ನು ಮರಳಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಕಾರ್ಖಾನೆಯಿಂದ ಹೊರಟ ದಿನದ ನೆನಪು ಮಾತ್ರ. ಅನಂತರದ ಎಂಟು ವರ್ಷಗಳು ಅದರ ಪಾಲಿಗೆ ಒರೆಸಿ ಹಾಕಬೇಕಾದ ಧೂಳು. ಯಾವುದನ್ನು ಅವರು ಆಪತ್ತಿಗೆ ಒದಗುವ ಬಂಧು ಎಂದು ತಿಳಿದಿದ್ದರೋ ಅದು ಕೆಲಸ ಮಾಡಿದ್ದರೆ ತಾಯಿಯ ಕಂಠ ಎರಡನೆಯ ಸಲ ನಿಂತುಹೋಗುತ್ತಿತ್ತು. ಸಿ ಮತ್ತು ಡಿ ಎಂಬ ಎರಡು ಡ್ರೈವುಗಳು ಒಂದೇ ಡಿಸ್ಕಿನ ಎರಡು ಕೋಣೆಗಳೆಂಬುದೂ ಅವರಿಗೆ ಅಂದೇ ತಿಳಿಯಿತು. ಒಂದೇ ಮನೆಯ ನಡುಮನೆಯಲ್ಲೊಂದು, ಅಡುಗೆಮನೆಯಲ್ಲೊಂದು ಪ್ರತಿಯಿಟ್ಟು ಹೊಳೆಗೆ ಅಂಜಬೇಕಾಗಿಲ್ಲ ಎಂದಂತೆ ಆಗಿತ್ತು ಅವರ ಲೆಕ್ಕ.

ಯುಗಾದಿಯ ಮುನ್ನಾ ದಿನಗಳಲ್ಲಿ ಆಕೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಯಾದಗಿರಿಗೆ ಬಂದಿಳಿದು, ಅಲ್ಲಿಂದ ಬಸ್ಸಿನಲ್ಲಿ ವಡಗೇರಾಕ್ಕೆ ಬಂದಳು. ಆಕೆಯ ಚೀಲದಲ್ಲಿ ಎರಡು ಪೆನ್ ಡ್ರೈವು, ಒಂದು ಟೆರಾಬೈಟಿನ ಹೊರಗಿನ ಹಾರ್ಡ್ ಡಿಸ್ಕು, ಲ್ಯಾಪ್‌ಟಾಪಿಗೆ ಹೊಂದುವ ಹೊಸ ಎಸ್‌ಎಸ್‌ಡಿ ಇದ್ದವು. ಕೆಲಸ ನಡೆದದ್ದು ಅದೇ ಆನ್‌ಲೈನ್ ಅಂಗಡಿಯಲ್ಲಿ, ಇನ್ವರ್ಟರ್ ಇದೆ ಎಂಬ ಕಾರಣಕ್ಕೆ. ತಪ್ಪಿತಸ್ಥನಂತೆ ನಿಂತಿದ್ದ ಹುಡುಗನನ್ನು ಆಕೆ ಪಕ್ಕದಲ್ಲಿ ಕೂಡಿಸಿಕೊಂಡು, “ಹೊಳಿ ಬಂದಾಗ ಮೊದಲ ಮಂದೀನ ಹೊರಗ ಹಾಕ್ತೀವಿ, ಮನಿ ಆಮ್ಯಾಲ ಕಟ್ತೀವಿ. ಇದೂ ಹಂಗs” ಎಂದಳು. ಮೊದಲು ಕಡತಗಳನ್ನು ಹೊರತರುವುದು, ಯಂತ್ರವನ್ನು ಸರಿಪಡಿಸುವುದು ಆಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಿದವರೇ ಹೆಚ್ಚಾಗಿ ಕಳೆದುಕೊಳ್ಳುತ್ತಾರೆ.

ಮೊದಲನೆಯ ಪೆನ್ ಡ್ರೈವಿನಲ್ಲಿ ಉಬುಂಟು ಲಿನಕ್ಸ್ ಇತ್ತು. ಅದನ್ನು ಸಿಕ್ಕಿಸಿ, ಯಂತ್ರವು ಡಿಸ್ಕಿನಿಂದಲ್ಲದೆ ಪೆನ್ ಡ್ರೈವಿನಿಂದ ಎದ್ದೇಳುವಂತೆ ಮಾಡಿದಳು. ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದೆ ಅದನ್ನು ಓದಲು ಇದರಿಂದ ಸಾಧ್ಯವಾಗುತ್ತದೆ. ಡಿಸ್ಕು ಆರೋಗ್ಯವಾಗಿದ್ದು ವಿಂಡೋಸ್ ಮಾತ್ರ ಕೆಟ್ಟಿದ್ದರೆ ಕಡತಗಳನ್ನು ನೇರವಾಗಿ ನಕಲು ಮಾಡಿಕೊಂಡರೆ ಸಾಕು. ಇಲ್ಲಿ ಡಿಸ್ಕೇ ರೋಗಿ. ಆದ್ದರಿಂದ ಆಕೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿದಳು. ಅದು ಇಡೀ ಡಿಸ್ಕಿನ ಪ್ರತಿರೂಪವನ್ನು ಹೊರಗಿನ ಡಿಸ್ಕಿಗೆ ಇಳಿಸುತ್ತದೆ. ಅದರ ಜಾಣತನವೆಂದರೆ, ಓದಲಾಗದ ಜಾಗ ಸಿಕ್ಕಾಗ ಅಲ್ಲಿಯೇ ಹಟ ಹಿಡಿದು ನಿಲ್ಲದೆ ಮುಂದೆ ಸಾಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಆ ರಾತ್ರಿ ಇನ್ವರ್ಟರೂ ಸೋತು ಎರಡು ಸಲ ಎಲ್ಲವೂ ಆರಿತು. ಎರಡು ಸಲವೂ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು. ಡಿಸ್ಕಿನಿಂದ ಟಿಕ್ ಟಿಕ್ ಎಂದು ಬಡಿಯುವ ಸದ್ದೇನಾದರೂ ಬಂದಿದ್ದರೆ ತಾನು ಮುಟ್ಟುತ್ತಿರಲಿಲ್ಲ, ಅಂಥದನ್ನು ಕೂಡಲೇ ಆರಿಸಿ ನಗರದ ಪರಿಣತರಿಗೆ ಒಪ್ಪಿಸಬೇಕು ಎಂದು ಆಕೆ ಹುಡುಗನಿಗೆ ತಿಳಿಸಿದಳು. ಕೆಡುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ನಡೆಸಬಾರದು, ಅದು ರೋಗಿಯನ್ನು ಓಡಿಸಿ ನಾಡಿ ನೋಡಿದಂತೆ ಎಂದೂ ಹೇಳಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪ್ರತಿರೂಪ ಸಿದ್ಧವಾಯಿತು. ಆಮೇಲೆಯೇ ಯಂತ್ರದ ಸರದಿ. ಹಳೆಯ ಡಿಸ್ಕನ್ನು ಬಿಚ್ಚಿ ಹೊಸ ಎಸ್‌ಎಸ್‌ಡಿಯನ್ನು ಕೂಡಿಸಿದರು. ಎರಡನೆಯ ಪೆನ್ ಡ್ರೈವಿನಲ್ಲಿ, ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಮೀಡಿಯಾ ಕ್ರಿಯೇಷನ್ ಟೂಲಿನಿಂದ ತಯಾರಿಸಿದ ವಿಂಡೋಸ್ ಇತ್ತು. ಇದಕ್ಕೆ ಎಂಟು ಜಿಬಿಯ ಪೆನ್ ಡ್ರೈವು ಸಾಕು. ಕೀ ಎಲ್ಲಿದೆಯೋ ಎಂದು ಮಾಸ್ತರರು ರಸೀದಿ ಹುಡುಕತೊಡಗಿದಾಗ ಆಕೆ ನಕ್ಕಳು. ವಿಂಡೋಸ್ 8ರ ಕಾಲದಿಂದ ಈಚೆಗೆ ಕಂಪನಿಯೇ ವಿಂಡೋಸ್ ಹಾಕಿ ಮಾರುವ ಲ್ಯಾಪ್‌ಟಾಪುಗಳಲ್ಲಿ ಕೀ ಮದರ್‌ಬೋರ್ಡಿನೊಳಗೇ ಬರೆದಿರುತ್ತದೆ. ವಿಂಡೋಸ್ 10ಕ್ಕೆ ಏರಿದಾಗ ದೊರೆತ ಪರವಾನಗಿಯೂ ಮದರ್‌ಬೋರ್ಡಿನ ಗುರುತಿಗೇ ಅಂಟಿಕೊಂಡಿರುತ್ತದೆ. ಡಿಸ್ಕು ಬದಲಾದರೂ ಅದು ಬದಲಾಗುವುದಿಲ್ಲ. ಮೊದಲಿದ್ದ ಆವೃತ್ತಿಯನ್ನೇ, ಹೋಮ್ ಇದ್ದರೆ ಹೋಮ್, ಸಿಂಗಲ್ ಲ್ಯಾಂಗ್ವೇಜ್ ಇದ್ದರೆ ಸಿಂಗಲ್ ಲ್ಯಾಂಗ್ವೇಜ್, ಹಾಕಿ ಇಂಟರ್ನೆಟ್ಟಿಗೆ ಜೋಡಿಸಿದರೆ ಯಂತ್ರ ತಾನೇ ಗುರುತಿಸಿಕೊಳ್ಳುತ್ತದೆ. ಹಾಗೆಯೇ ಆಯಿತು.

ಆದರೆ ಪದಗಳ ಕಡತವನ್ನು ತೆರೆದಾಗ ಮತ್ತೊಂದು ಆಘಾತ ಕಾದಿತ್ತು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಮಾಸ್ತರರ ಕೈ ನಡುಗಿತು. ಇದು ಹಾನಿಯಾಗಿರಲಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಬರಹ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತದೆ. ನುಡಿಯನ್ನು ಅಳವಡಿಸಿದೊಡನೆ ತಾಯಿಯ ಪದಗಳು ಕನ್ನಡದಲ್ಲಿ ಮೂಡಿದವು. ಆಕೆ ಅಷ್ಟಕ್ಕೆ ನಿಲ್ಲಿಸದೆ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದಳು. ಒಂದು ತಂತ್ರಾಂಶವನ್ನೇ ನೆಚ್ಚಿಕೊಂಡ ಅಕ್ಷರವೂ ಒಂದೇ ಮನೆಯಲ್ಲಿಟ್ಟ ಪ್ರತಿಯಂತೆಯೇ ಎಂಬುದನ್ನು ಮಾಸ್ತರರು ಈಗ ತಾವೇ ಹೇಳಿದರು.

ಕನ್ನಡ ನಾಡಿಗೆ ಈ ಪಾಠ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದಾಗ ವಚನಗಳು ಒಂದೇ ಭಂಡಾರದಲ್ಲಿ ಉಳಿಯಲಿಲ್ಲ. ಓಲೆಯ ಕಟ್ಟುಗಳಾಗಿ ಅವು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಸಾಗಿದವು. ಏಳು ಶತಮಾನಗಳ ಅನಂತರ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರಿನ ಕಟ್ಟುಗಳನ್ನು ಹುಡುಕಿ ತಂದು, ಓದಿ, ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. ಒಂದು ಕಟ್ಟಿನಲ್ಲಿ ಹುಳು ತಿಂದ ಅಕ್ಷರವು ಇನ್ನೊಂದು ಊರಿನ ಕಟ್ಟಿನಲ್ಲಿ ಉಳಿದಿರುತ್ತದೆ ಎಂಬ ನಂಬಿಕೆಯೇ ಇಂಥ ಕೆಲಸದ ಆಧಾರ. ಎಲ್ಲ ಓಲೆಗಳೂ ಒಂದೇ ಅರಮನೆಯಲ್ಲಿದ್ದು ಆ ಅರಮನೆ ಸುಟ್ಟಿದ್ದರೆ ಹಳಕಟ್ಟಿಯವರಂಥ ನೂರು ಮಂದಿ ಹುಟ್ಟಿದ್ದರೂ ಹುಡುಕಲು ಏನೂ ಇರುತ್ತಿರಲಿಲ್ಲ. ಸರಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತರಲು ಸಾಧ್ಯವಾದದ್ದೂ ಹೀಗೆ ಚದುರಿ ಉಳಿದ ಪ್ರತಿಗಳಿಂದಲೇ. ನಿಂತಲ್ಲೇ ನಿಲ್ಲುವ ಸ್ಥಾವರ ಪ್ರತಿಗಿಂತ ಮನೆಯಿಂದ ಮನೆಗೆ ನಡೆದಾಡುವ ಜಂಗಮ ಪ್ರತಿಗೆ ಆಯುಸ್ಸು ಹೆಚ್ಚು.

ಮಾಸ್ತರರ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕಡತಗಳನ್ನೆಲ್ಲ ಎಣಿಸಿ ನೋಡಿದಾಗ ಹನ್ನೊಂದು ಪದಗಳು ತೆರೆಯಲಿಲ್ಲ. ಅವು ಇದ್ದ ಜಾಗವನ್ನೇ ಡಿಸ್ಕು ಕಳೆದುಕೊಂಡಿತ್ತು. ಡಿ ಡ್ರೈವಿನ ಪ್ರತಿಯನ್ನು ಅವರು ಬಹಳ ಹಿಂದೆ ಮಾಡಿದ್ದರಿಂದ ಅದರಲ್ಲಿ ಆ ಪದಗಳು ಇರಲೇ ಇಲ್ಲ. ತಂಗಿಯ ಮಗಳು ತನ್ನಿಂದ ಇನ್ನು ಆಗುವುದಿಲ್ಲವೆಂದು ಒಪ್ಪಿಕೊಂಡಳು. ಆಗ ಮಾಸ್ತರರಿಗೆ ತಾಯಿಯ ಜೊತೆ ಬೀಸಲು ಕೂಡುತ್ತಿದ್ದ ಮುದುಕಿಯೊಬ್ಬರ ನೆನಪಾಯಿತು. ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಮಾಸ್ತರರು ಪದದ ಹೆಸರು ಹೇಳಿದರೆ ಅವರಿಗೆ ತಿಳಿಯಲಿಲ್ಲ. ಮೊದಲ ನುಡಿಯನ್ನು ಧಾಟಿ ಹಿಡಿದು ಎತ್ತಿಕೊಟ್ಟಾಗ ಮಾತ್ರ ಉಳಿದದ್ದು ತಾನೇ ಬಂತು. ಮೂರು ಸಂಜೆಗಳಲ್ಲಿ ಒಂಬತ್ತು ಪದಗಳು ಮರಳಿದವು. ಎರಡು ಮರಳಲಿಲ್ಲ. “ಅವು ನಿಮ್ಮವ್ವಗs ಬರ್ತಿದ್ವಪ್ಪ, ನನಗ ಬರ್ತಿದ್ದಿಲ್ಲ” ಎಂದು ಆ ತಾಯಿ ಕೈ ಆಡಿಸಿದರು.

ಮುಂದಿನ ವರ್ಷ ಆ ತಾಯಿಯೂ ಇಲ್ಲವಾದರು.

ಈಗ ಮಾಸ್ತರರ ಸಂಗ್ರಹ ಐದು ಕಡೆ ಇದೆ. ಲ್ಯಾಪ್‌ಟಾಪಿನಲ್ಲಿ ಒಂದು, ಬೆಂಗಳೂರಿನ ತಂಗಿಯ ಮಗಳ ಬಳಿ ಒಂದು, ಇಂಟರ್ನೆಟ್ಟಿನ ಭಂಡಾರದಲ್ಲಿ ಒಂದು, ಆನ್‌ಲೈನ್ ಅಂಗಡಿಯ ಹುಡುಗನ ಪೆನ್ ಡ್ರೈವಿನಲ್ಲಿ ಒಂದು. ಐದನೆಯದು ಕಾಗದದ ಮೇಲೆ, ದಪ್ಪ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ ಭಜನೆಯ ಮಂದಿಗೆ ಹಂಚಿದ್ದು. ಆ ಹುಡುಗನು ಇಂದಿಗೂ ಕೆಟ್ಟ ಲ್ಯಾಪ್‌ಟಾಪ್ ತಂದವರಿಗೆ ಗುಂಡಿ ಒತ್ತುವ ಮುನ್ನ, ಒಳಗೆ ಏನಿದೆ, ಅದರ ಪ್ರತಿ ಬೇರೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ.

ಲ್ಯಾಪ್‌ಟಾಪ್ ಉಳ್ಳ ಬಂಧುಗಳೂ ಆ ಪ್ರಶ್ನೆಗಳನ್ನು ಇಂದೇ ತಮಗೆ ತಾವು ಕೇಳಿಕೊಳ್ಳುವುದು ಒಳಿತು. ಯಂತ್ರ ಚೆನ್ನಾಗಿರುವಾಗಲೇ ಮರುಸ್ಥಾಪನೆಯ ಪೆನ್ ಡ್ರೈವನ್ನು ಮಾಡಿಟ್ಟುಕೊಳ್ಳಬೇಕು. ಡಿಸ್ಕಿಗೆ ಗೂಢಲಿಪಿಯ ಬೀಗವಿದ್ದರೆ ಅದನ್ನು ತೆರೆಯುವ ನಲವತ್ತೆಂಟು ಅಂಕಿಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ ಹಳೆಯ ಯಂತ್ರವನ್ನು ಇನ್ನು ಯಾವುದರ ಮೇಲೆ ನಡೆಸಬೇಕೆಂಬುದನ್ನೂ ಯೋಚಿಸಬೇಕು. ಇವೆಲ್ಲಕ್ಕಿಂತ ಮೊದಲು, ಕಳೆದರೆ ಮತ್ತೆ ದೊರೆಯದಂಥದು ಏನಿದೆಯೋ ಅದರ ಒಂದು ಪ್ರತಿಯನ್ನು ಇನ್ನೊಬ್ಬರ ಮನೆಗೆ ಕೊಟ್ಟು ಬರಬೇಕು. ವಿಂಡೋಸ್ ಮರಳಿ ಬರುತ್ತದೆ, ಹೊಸ ಡಿಸ್ಕು ಅಂಗಡಿಯಲ್ಲಿ ಸಿಗುತ್ತದೆ. ಆ ಎರಡು ಪದಗಳು ಮಾತ್ರ ಇಂದಿಗೂ ಸಿಕ್ಕಿಲ್ಲ. ಪಟ್ಟಿಯಲ್ಲಿ ಅವುಗಳ ಸಂಖ್ಯೆಯನ್ನು ಮಾಸ್ತರರು ಹಾಗೆಯೇ ಖಾಲಿ ಬಿಟ್ಟಿದ್ದಾರೆ.